ಹಂಚಿನ ಒಳಮೈ

ಬೆಂಕಿಪೊಟ್ಟಣದ ಚಿತ್ರ, ಹಳೆಯ ಬೀಗ, ಅಡಕತ್ತರಿ, ಮದುವೆಯ ಕರೆಯೋಲೆ ಇಂಥವನ್ನು ಕೂಡಿಡುವವರನ್ನು ಊರು ‘ಮಾಡಲು ಬೇರೆ ಕೆಲಸವಿಲ್ಲದವರು’ ಎಂದು ಕರೆದು ಸುಮ್ಮನಾಗುತ್ತದೆ. ದಿನವೂ ಕೈಗೆ ಸಿಗುವ ವಸ್ತುವನ್ನು ನಿಜವಾಗಿ ನೋಡುವವರು ಅವರೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಸ್ತು ಒಂದೇ ಇದ್ದಾಗ ಅದರ ಉಪಯೋಗವಷ್ಟೇ ಕಾಣುತ್ತದೆ. ಅಂಥದೇ ಐವತ್ತನ್ನು ಸಾಲಾಗಿ ಇಟ್ಟು ನೋಡಿದರೆ ಮಾಡಿದವನ ಕೈ, ಕೊಂಡವನ ಅಭಿರುಚಿ, ಅದು ಬಂದ ದಾರಿ ಎಲ್ಲವೂ ಕಾಣತೊಡಗುತ್ತವೆ.

ನಮ್ಮ ಶಿರಸಿ, ಸಿದ್ದಾಪುರದ ಕಡೆಯ ಅಡಕೆ ಬೆಳೆಗಾರರ ಮನೆಗಳಲ್ಲಿ ಕವಳದ (ಎಲೆಯಡಕೆಯ) ಹರಿವಾಣ ಜಗಲಿಗೆ ಬಂದ ಮೇಲೆಯೇ ಮಾತು ಕಳೆಗಟ್ಟುತ್ತದೆ. ಆ ಹರಿವಾಣದಲ್ಲಿರುವ ಅಡಕತ್ತರಿಯ ರಚನೆ ಬಹಳ ಸರಳ: ಎರಡು ತೋಳು, ಅವನ್ನು ಸೇರಿಸುವ ಒಂದು ಕೀಲು, ಒಂದು ತೋಳಿಗೆ ಅಲಗು. ಇಷ್ಟರಿಂದಲೇ ಕೆಲಸ ಸಾಗುವಾಗ ಗಿಳಿಯ ಕೊರಳು, ನವಿಲಿನ ಬಾಲ, ಕುದುರೆಯ ಮುಖಗಳನ್ನು ಕೊರೆದು ಸೇರಿಸುವ ಅಗತ್ಯ ಯಾರಿಗೂ ಇರಲಿಲ್ಲ. ಆದರೂ ಕುಶಲಕರ್ಮಿಗಳು ಕೊರೆದರು, ಜನ ಅದನ್ನೇ ಆರಿಸಿ ಕೊಂಡರು. ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದಲ್ಲಿ ಇಂಥ ಅಡಕತ್ತರಿಗಳನ್ನೂ ದೀಪಗಳನ್ನೂ ಸಾಲಾಗಿ ನೋಡಬಹುದು. ಮರಾಠಿ ಕವಿಯೂ ಆಗಿದ್ದ ದಿನಕರ ಕೇಳಕರ (1896–1990) ಅರಸರ ಖಜಾನೆಗಳ ಹಿಂದೆ ಹೋಗದೆ ಅಡುಗೆಮನೆ, ದೇವರಕೋಣೆ, ಜಗಲಿಗಳ ಸಾಮಾನುಗಳನ್ನು ಹುಡುಕಿಕೊಂಡು ದೇಶ ಸುತ್ತಿದರು. ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮಗ ರಾಜನ ಹೆಸರನ್ನು ಸಂಗ್ರಹಕ್ಕೆ ಇಟ್ಟು, ಅದನ್ನು ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ಮಗನ ನೆನಪಿಗೆ ಇಂಥ ಸಾಮಾನುಗಳೇ ಯೋಗ್ಯ ಎಂದು ತಿಳಿದ ಆ ಮನಸ್ಸಿನ ಬಗ್ಗೆ ನನಗೆ ಅಪಾರ ಗೌರವ.

ನಾನು ಕೂಡಿಡುವುದು ಮನೆಯ ಮಾಡಿಗೆ (ಛಾವಣಿಗೆ) ಹೊದಿಸುವ ಹಂಚುಗಳನ್ನು. “ಈ ಒಡಕು ಹಂಚೆಲ್ಲ ತಗಂಡು ಎಂತ ಮಾಡ್ತೆ ತಮಾ?” ಎಂದು ಹಿರಿಯರು ಪ್ರೀತಿಯಿಂದಲೇ ಕೇಳುತ್ತಾರೆ, ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಹೊರಗಿನಿಂದ ನೋಡಿದರೆ ಮಂಗಳೂರು ಹಂಚುಗಳೆಲ್ಲ ಒಂದೇ. ಅವುಗಳ ಗುರುತು ಇರುವುದು ಒಳಮೈಯಲ್ಲಿ. ಅಚ್ಚಿನಲ್ಲಿ ತಿರುಗುಮುರುಗಾಗಿ ಕೆತ್ತಿದ ಅಕ್ಷರಗಳು ಹಸಿ ಮಣ್ಣಿನ ಮೇಲೆ ನೇರವಾಗಿ ಮೂಡಿ, ಗೂಡಿನಲ್ಲಿ ಬೆಂದು ಗಟ್ಟಿಯಾಗಿ, ಅಟ್ಟದ ಮೇಲೆ ಅಂಗಾತ ಮಲಗಿದವರ ಕಣ್ಣಿಗೆ ಮಾತ್ರ ಕಾಣುವಂತೆ ಉಳಿದಿವೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಆ ಕೆಲಸದ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ, ಗುರುಪುರ ನದಿದಂಡೆಗಳ ಜೇಡಿಮಣ್ಣು ಅವರಿಗೆ ಒದಗಿತು. 1868ರಲ್ಲಿ ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂದಿತು, ಆಮೇಲೆ ಮತ್ತೆ ಹಲವು. ಹಂಚಿನ ಮೇಲೆ 1865 ಎಂದು ಕಂಡ ಕೂಡಲೇ ಮನೆಯೂ ಅಷ್ಟು ಹಳೆಯದೆಂದು ಹಿಗ್ಗುವವರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಕಾಲವನ್ನು ಹೇಳುವುದು ಹೆಸರು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ ಮಿಷನ್‌ನ ಉದ್ದಿಮೆಗಳನ್ನು ವಶಪಡಿಸಿಕೊಂಡಿತು, ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್‌ನ ಕೈಸೇರಿದವು. ಮಿಷನ್‌ನ ಹೆಸರಿನ ಹಂಚಿನ ಪಕ್ಕದಲ್ಲಿ ಟ್ರಸ್ಟ್‌ನ ಹೆಸರಿನ ಹಂಚನ್ನು ಇಟ್ಟರೆ, ಯುರೋಪಿನ ಯುದ್ಧವೊಂದು ನಮ್ಮೂರಿನ ಮಾಡಿನವರೆಗೆ ಬಂದು ತಲುಪಿದ್ದು ಕಣ್ಣಿಗೆ ಕಾಣುತ್ತದೆ. ಅಡಕೆ ಸೋಗೆಯ ಮಾಡು ತೆಗೆದು ಹಂಚು ಹೊದಿಸಿದ ತಲೆಮಾರು, ಮುರಿದಾಗ ಬೇರೆ ಕಂಪನಿಯ ಹಂಚು ಸೇರಿಸಿದ ತಲೆಮಾರು, ಎಲ್ಲವೂ ಒಂದೇ ಮಾಡಿನಲ್ಲಿ ಓದಲು ಸಿಗುತ್ತವೆ.

ಹೀಗೆ ಪಕ್ಕಪಕ್ಕ ಇಟ್ಟು ನೋಡುವುದರಿಂದ ದೊಡ್ಡ ತಿಳಿವಳಿಕೆಯೂ ಹುಟ್ಟಿದೆ. ಕೋಪನ್‌ಹೇಗನ್‌ನ ವೈದ್ಯ ಓಲೆ ವೊರ್ಮ್ ಚಿಪ್ಪು, ಮೂಳೆ, ಒಣಗಿದ ಮೀನುಗಳಿಂದ ಕೋಣೆ ತುಂಬಿಸಿಕೊಂಡಿದ್ದ ಮನುಷ್ಯ. ಯುರೋಪಿನ ಶ್ರೀಮಂತರು ಒಂಟಿಕೊಂಬಿನ ಕುದುರೆಯದೆಂದು ನಂಬಿ ದುಬಾರಿ ಬೆಲೆಗೆ ಕೊಳ್ಳುತ್ತಿದ್ದ ಕೊಂಬು, ಉತ್ತರದ ಸಮುದ್ರದ ನಾರ್ವಾಲ್ ತಿಮಿಂಗಿಲದ ಹಲ್ಲು ಎಂದು ಅವನು 1638ರಲ್ಲಿ ತೋರಿಸಿಕೊಟ್ಟ.

ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಅಂಥ ಕಣ್ಣು ಇತ್ತು. ಹೊನ್ನಾವರದ ಕೃಷ್ಣಾನಂದ ಕಾಮತರು (1934–2002) ವಿಜ್ಞಾನ ಓದಿದವರು. ಕ್ಯಾಮರಾ ಹಿಡಿದು ಕರಾವಳಿಯ ದೇವಸ್ಥಾನಗಳ ಗೋಡೆಗಳಲ್ಲಿದ್ದ ಕಾವಿ ಕಲೆಯನ್ನು ದಾಖಲಿಸಿದರು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಒಣಗುವ ಮೊದಲೇ ಚೂಪಾದ ಉಪಕರಣದಿಂದ ಕೆರೆದು, ಒಳಗಿನ ಬಿಳುಪನ್ನೇ ಚಿತ್ರವಾಗಿ ಹೊರತರುವ ಕಲೆ ಅದು. ಜೀರ್ಣೋದ್ಧಾರವೆಂದು ಹಳೆಯ ಗೋಡೆ ಕೆಡವಿ ಗ್ರಾನೈಟ್ ಹೊದಿಸಿದ ಕಡೆಗಳಲ್ಲಿ ಈ ಚಿತ್ರಗಳು ಗೋಡೆಯ ಜೊತೆಗೇ ಹೋಗಿವೆ, ಫೋಟೋ ಇದ್ದರೆ ಅಷ್ಟೇ ಉಳಿಕೆ.

ನನಗೆ ನೋವಾಗುವುದು ಇನ್ನೊಂದು ಬಗೆಯ ಸಂಗ್ರಹವನ್ನು ಕಂಡಾಗ. ಹಳೆಯ ಮನೆಯ ಕೆತ್ತನೆ ಕಂಬ, ಬಾಗಿಲವಾಡ, ಹಿತ್ತಾಳೆ ದೀಪಗಳು ತೂಕದ ಲೆಕ್ಕದಲ್ಲಿ ಹೋಗಿ ಯಾವುದೋ ರೆಸಾರ್ಟಿನ ಗೋಡೆಗೆ ಶೃಂಗಾರವಾಗುತ್ತವೆ. ವಸ್ತು ಉಳಿಯಿತಲ್ಲ ಎಂದು ಕೆಲವರು ಸಮಾಧಾನಪಡುತ್ತಾರೆ, ನಾನು ಒಪ್ಪುವುದಿಲ್ಲ. ಯಾವ ಊರು, ಯಾವ ಮನೆ, ಯಾರ ಕೈಯಲ್ಲಿತ್ತು ಎಂಬ ಚೀಟಿ ಕಳೆದುಹೋದ ಕಂಬ ಚೆಂದದ ಮರದ ತುಂಡು ಮಾತ್ರ. ಸಂಗ್ರಹಕಾರನ ಅರ್ಧ ಕೆಲಸ ವಸ್ತುವನ್ನು ತರುವುದಾದರೆ ಉಳಿದರ್ಧ ಆ ಚೀಟಿಯನ್ನು ಬರೆಯುವುದು. ಕಾರವಾರದ ಕಡಲಂಚಿನಲ್ಲಿ ಮಕ್ಕಳು ಆರಿಸುವ ಚಿಪ್ಪಿಗೂ ಇದು ಅನ್ವಯಿಸುತ್ತದೆ: ಒಳಗೆ ಜೀವವಿಲ್ಲದ್ದನ್ನು ಮಾತ್ರ ಎತ್ತಿಕೊಂಡು, ಸಿಕ್ಕ ಜಾಗ, ತಿಂಗಳು ಬರೆದಿಡುವುದನ್ನು ಅವರಿಗೆ ಕಲಿಸಬೇಕು.

ಈ ಬೇಸಿಗೆಯಲ್ಲಿ ಕುಮಟಾ, ಅಂಕೋಲಾ, ಸಿದ್ದಾಪುರ ಯಾವ ಕಡೆಯಾದರೂ ಮಾಡು ಬಿಚ್ಚಿ ತಗಡು ಹಾಕಿಸುವವರಿದ್ದರೆ, ಹಂಚುಗಳನ್ನು ರಾಶಿ ಹಾಕುವ ಮೊದಲು ಒಮ್ಮೆ ಮಗುಚಿ ನೋಡಿ. ಪ್ರತಿ ಹೆಸರಿನದೊಂದು ಹಂಚನ್ನು ಬದಿಗಿಟ್ಟು, ಊರು, ಮನೆತನ, ಬಿಚ್ಚಿದ ವರ್ಷವನ್ನು ಅದರ ಮೇಲೆಯೇ ಬಣ್ಣದಲ್ಲಿ ಬರೆಯಿರಿ. ಇಡಲು ನಿಮ್ಮಲ್ಲಿ ಜಾಗವಿಲ್ಲದಿದ್ದರೆ ತಿಳಿಸಿ, ನಾನೇ ಬಂದು ಒಯ್ಯುತ್ತೇನೆ.