ಹೊಳೆ ಜಾಗದಲ್ಲಿ ಬುಲೆಟ್ ರೈಲಿನ ಕೊನೆ ಸ್ಟೇಷನ್

ನಮ್ಮ ಬಿಲ್ಡಿಂಗಿನ ಮೆಟ್ಟಿಲ ಪಕ್ಕದ ಗೋಡೆ ಮೇಲೆ ಒಂದು ಕೆಂಪು ಗೆರೆ ಇದೆ. ನಿಂತರೆ ನನ್ನ ಎದೆಮಟ್ಟಕ್ಕೆ ಬರುತ್ತದೆ. ಹೊಸದಾಗಿ ಬಾಡಿಗೆಗೆ ಬಂದವರು ಅದೇನು ಅಂತ ಕೇಳುತ್ತಾರೆ. 2005ರ ಜುಲೈ 26ರಂದು ನೀರು ಅಲ್ಲಿವರೆಗೆ ನಿಂತಿತ್ತು ಅಂದರೆ ಸುಮ್ನೆ ನಗುತ್ತಾರೆ. ಎರಡು ವರ್ಷದ ಹಿಂದೆ ಸೊಸೈಟಿಯವರು ಬಣ್ಣ ಹೊಡೆಸಿದಾಗ ಪೇಂಟರ್ ಹುಡುಗ ಆ ಗೆರೆ ಮುಚ್ಚೋಕೆ ಹೊರಟಿದ್ದ. ನಮ್ಮಮ್ಮ ಮೇಲಿನಿಂದಲೇ ಕೂಗಿ ನಿಲ್ಲಿಸಿದರು.

ನಾವು ಮುಂಬೈನ ಕಲೀನಾದವರು. ಅಂದರೆ ಊರು ಕುಂದಾಪುರದ ಕಡೆ, ಬದುಕು ಇಲ್ಲಿ. ಇಲ್ಲಿಂದ ನಡೆದೇ ಬಿಕೆಸಿಗೆ ಹೋಗಬಹುದು. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಅಂತ ಪೂರ್ತಿ ಹೆಸರು ಹೇಳುವವರು ಯಾರೂ ಇಲ್ಲ. ಅಲ್ಲೇ ತಗಡಿನ ಗೋಡೆಯ ಹಿಂದೆ ಮುಂಬೈ-ಅಹ್ಮದಾಬಾದ್ ಬುಲೆಟ್ ರೈಲಿನ ಟರ್ಮಿನಸ್ ತಯಾರಾಗುತ್ತಿದೆ. ಕೋವಿಡ್ ಸಮಯದಲ್ಲಿ ಆ ಜಾಗದಲ್ಲಿ ತಾತ್ಕಾಲಿಕ ಆಸ್ಪತ್ರೆ ಇತ್ತು, ಒಂದು ಪೆಟ್ರೋಲ್ ಪಂಪ್ ಇತ್ತು. ಎರಡನ್ನೂ ತೆಗೆದ ಮೇಲೆ ಅಗೆತ ಶುರುವಾಯಿತು.

ಮೊದಲೇ ಹೇಳಿಬಿಡ್ತೀನಿ, ನಾನು ರೈಲಿನ ವಿರೋಧಿ ಅಲ್ಲ. ಕರಾವಳಿಯಿಂದ ಮುಂಬೈಗೆ ಬಂದ ಯಾರೂ ಆಗೋಕೆ ಸಾಧ್ಯವಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾಗುವವರೆಗೆ ಊರಿಗೆ ಹೋಗೋದು ಅಂದರೆ ಬಸ್ಸಲ್ಲಿ ಒಂದು ಹಗಲು ಒಂದು ರಾತ್ರಿ, ಘಾಟಿಯಲ್ಲಿ ವಾಂತಿ, ಸೊಂಟ ನೋವು. ಮತ್ಸ್ಯಗಂಧ ರೈಲು ಬಂದಾಗ ನಮ್ಮಪ್ಪ ಟಿಕೆಟ್ಟನ್ನು ದೇವರ ಮುಂದೆ ಇಟ್ಟು ಕೈಮುಗಿದಿದ್ದರು. ವಿಮಾನಕ್ಕಿಂತ, ಹೆದ್ದಾರಿಗಿಂತ ರೈಲು ವಾಸಿ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. ನನ್ನ ತಕರಾರು ಆ ಗೆರೆಗೆ ಸಂಬಂಧಪಟ್ಟದ್ದು.

ಬಿಕೆಸಿ ಇವತ್ತು ಗಾಜಿನ ಕಟ್ಟಡಗಳ ಊರು. ಬ್ಯಾಂಕು, ವಜ್ರದ ಮಾರುಕಟ್ಟೆ, ಕಾನ್ಸುಲೇಟು. ಆದರೆ ಅದರ ಕೆಳಗಿರೋದು ಜವುಗು ನೆಲ. ವಿಹಾರ್ ಮತ್ತು ಪೊವಾಯಿ ಕೆರೆಗಳ ಕೋಡಿ ನೀರು ಮೀಠಿ ನದಿಯಾಗಿ ಸುಮಾರು 18 ಕಿ.ಮೀ. ಹರಿದು ಮಾಹಿಮ್ ಕ್ರೀಕಿನಲ್ಲಿ ಸಮುದ್ರ ಸೇರುತ್ತದೆ. ದಾರಿಯಲ್ಲಿ ವಿಮಾನ ನಿಲ್ದಾಣದ ರನ್‌ವೇ ಅಡಿಯಲ್ಲೂ ನುಗ್ಗಬೇಕು, ಪಾಪ. ಸಮುದ್ರಕ್ಕೆ ಸೇರುವ ಮೊದಲು ಈ ಹೊಳೆ ಮೈಚಾಚಿ ಮಲಗುತ್ತಿದ್ದ ಜಾಗವೇ ಈಗಿನ ಬಿಕೆಸಿ. 1977ರಲ್ಲಿ ಸುಮಾರು 370 ಹೆಕ್ಟೇರ್ ಜಾಗದ ಯೋಜನೆಯನ್ನು ಮುಂಬೈ ಪ್ರದೇಶದ ಅಭಿವೃದ್ಧಿ ಪ್ರಾಧಿಕಾರವಾದ ಎಂಎಂಆರ್‌ಡಿಎಗೆ ಒಪ್ಪಿಸಿದರು. ಆಮೇಲೆ ಮಣ್ಣು ತುಂಬಿಸಿದರು, ಮಟ್ಟ ಎತ್ತರಿಸಿದರು, ಪ್ಲಾಟು ಮಾಡಿದರು.

ತೊಂಬತ್ತರ ದಶಕದಲ್ಲಿ ಊರಿಂದ ಬಂದ ನನ್ನ ಸೋದರಮಾವನನ್ನು ಆ ಕಡೆ ವಾಕಿಂಗ್ ಕರೆದುಕೊಂಡು ಹೋಗಿದ್ದೆ. ಆಗಿನ್ನೂ ಅರ್ಧ ಬಯಲು. ಮಾವ ಗಂಗೊಳ್ಳಿ ಹೊಳೆಬದಿಯಲ್ಲಿ ಹುಟ್ಟಿ ಬೆಳೆದವರು. ಚಪ್ಪಲಿ ಬಿಟ್ಟು ಕಾಲಿನಿಂದ ಮಣ್ಣು ಒತ್ತಿ ನೋಡಿದರು. "ಇದ್ ಹೊಳಿ ಬದಿ ಕಾಂಡ್ಲ ಜಾಗ ಅಲ್ದಾ ಮಗಾ?" ಅಂದರು. ಮ್ಯಾಂಗ್ರೋವ್ ಗಿಡಕ್ಕೆ ನಮ್ಮ ಕಡೆ ಕಾಂಡ್ಲ ಅಂತಾರೆ. ಅಷ್ಟೇ. ಮುಂದೆ ಏನೂ ಹೇಳಲಿಲ್ಲ. ಬೀಡಿ ಹಚ್ಚಿದರು.

2005ರಲ್ಲಿ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಬಿತ್ತು. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆಗೆ ಹತ್ತಿರ ಹತ್ತಿರ. ನಾವು ಕುಂದಾಪುರದವರು, ಮಳೆಗೆ ಹೆದರುವ ಜನ ಅಲ್ಲ. ಆದರೆ ಅವತ್ತು ಸಮುದ್ರದಲ್ಲಿ ಭರತವೂ, ಅಂದರೆ ಉಬ್ಬರವೂ ಇತ್ತು. ಹೊಳೆ ಸಮುದ್ರಕ್ಕೆ ಹೋಗೋಕಾಗದೆ ಹಿಂದಕ್ಕೆ ತಿರುಗಿತು. ಮೈಚಾಚೋ ಜಾಗದಲ್ಲಿ ಕಟ್ಟಡ ಎದ್ದಿತ್ತು. ಹಾಗಾಗಿ ಕಲೀನಾಕ್ಕೂ ಕುರ್ಲಾಕ್ಕೂ ಬಂತು. ನಾನು ಅಂಧೇರಿಯಿಂದ ಕತ್ತಲಲ್ಲಿ ಯಾರದೋ ಹೆಗಲು ಹಿಡಿದು ನಡೆದುಬಂದೆ. ಮನೆ ತಲುಪಿದಾಗ ರಾತ್ರಿ ಎರಡು ಗಂಟೆ. ಕೆಳಗಿನ ಮನೆಯವರೆಲ್ಲ ನಮ್ಮ ಹಾಲ್‌ನಲ್ಲಿ ಕೂತಿದ್ದರು. ಅಮ್ಮ ದೊಡ್ಡ ಪಾತ್ರೆಯಲ್ಲಿ ಗಂಜಿ ಬೇಯಿಸುತ್ತಿದ್ದರು. ಮಹಾರಾಷ್ಟ್ರದಲ್ಲಿ ಆ ಮಳೆಗೆ ಸತ್ತವರು ಸಾವಿರಕ್ಕೂ ಜಾಸ್ತಿ.

ಈಗ ಟರ್ಮಿನಸ್ಸಿಗೆ ಬರೋಣ. 508 ಕಿ.ಮೀ. ದಾರಿ, 12 ಸ್ಟೇಷನ್, ಅದರಲ್ಲಿ ನೆಲದಡಿ ಇರೋದು ಇದೊಂದೇ. ಗುಂಡಿಯ ಆಳ ಸುಮಾರು 32 ಮೀಟರ್. ಹತ್ತು ಮಹಡಿ ಕಟ್ಟಡವನ್ನು ತಲೆಕೆಳಗಾಗಿ ಹೂತಂತೆ. ಆರು ಪ್ಲಾಟ್‌ಫಾರ್ಮ್, ಒಂದೊಂದೂ 400 ಮೀಟರ್‌ಗಿಂತ ಉದ್ದ, 16 ಬೋಗಿಯ ರೈಲು ನಿಲ್ಲಬೇಕಲ್ಲ. ಅಗೆದು ತೆಗೆಯುವ ಮಣ್ಣು-ಕಲ್ಲು ಸುಮಾರು 18.7 ಲಕ್ಷ ಘನ ಮೀಟರ್.

ಆ ಕೊನೆಯ ಅಂಕಿ ಓದಿದಾಗ ನನಗೆ ಏನೂ ಅನಿಸಲಿಲ್ಲ, ನಿಜ ಹೇಳಬೇಕಂದರೆ. ಲಕ್ಷ ಘನ ಮೀಟರ್ ಯಾರ ಕಣ್ಣಿಗೆ ಕಾಣುತ್ತೆ? ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಡಂಪರಿಗೆ 15 ಘನ ಮೀಟರ್ ಅಂತ ಹಿಡಿದರೂ ಒಂದೂಕಾಲು ಲಕ್ಷ ಟ್ರಿಪ್. ಅಗೆದ ಮಣ್ಣು ಸಡಿಲಾಗಿ ಉಬ್ಬುತ್ತದೆ, ಹಾಗಾಗಿ ಇನ್ನೂ ಜಾಸ್ತಿ. ತುಂಬಿ ಹೋಗಿದ್ದು ಖಾಲಿ ವಾಪಸ್ಸೂ ಬರಬೇಕು. ಡೀಸೆಲ್ಲು, ಧೂಳು, ರಸ್ತೆ ಮೇಲೆ ಉದುರುವ ಕೆಸರು. ಆ ಮಣ್ಣು ಕೊನೆಗೆ ಇನ್ನೊಂದು ತಗ್ಗು ಜಾಗವನ್ನು ತುಂಬಿಸುತ್ತೆ. ಅದು ಯಾರ ಊರಿನ ತಗ್ಗು?

ಧೂಳಿನ ವಿಷಯದಲ್ಲಿ ಅನ್ಯಾಯದ ಮಾತಾಡಬಾರದು. ನಮ್ಮ ಸುತ್ತ ಮೆಟ್ರೋ, ಫ್ಲೈಓವರ್, ಟವರು ಎಲ್ಲ ಒಟ್ಟಿಗೇ ನಡೆದಿದೆ. ಯಾವ ಧೂಳು ಯಾರದ್ದು ಅಂತ ಹೇಳೋಕಾಗಲ್ಲ. 2023ರ ಚಳಿಗಾಲದಲ್ಲಿ ಗಾಳಿ ಎಷ್ಟು ಕೆಟ್ಟಿತ್ತು ಅಂದರೆ ಹೈಕೋರ್ಟು ತಾನೇ ಮುಂದಾಗಿ ಕೇಸು ಎತ್ತಿಕೊಂಡಿತು. ಪಾಲಿಕೆ ನಿಯಮ ತಂದಿತು: ಒಂದು ಎಕರೆಗಿಂತ ದೊಡ್ಡ ಸೈಟಿನ ಸುತ್ತ 35 ಅಡಿ ಎತ್ತರದ ತಗಡು, ನೀರು ಚಿಮುಕಿಸಬೇಕು, ಲಾರಿ ಟೈರು ತೊಳೆದು ಹೊರಗೆ ಬಿಡಬೇಕು. ಒಳ್ಳೇದೇ. ಆದರೆ ಅಮ್ಮ ತಾರಸಿ ಮೇಲೆ ಸಂಡಿಗೆ ಹಾಕೋದು ನಿಲ್ಲಿಸಿದ್ದಾರೆ. ಕೊನೇ ಸಲ ಹಾಕಿದಾಗ ಸಂಜೆ ಬಟ್ಟೆ ಮಡಚಿ ತಂದರು. ಕರಿದ ಮೇಲೆ ಒಂದು ಬಾಯಿಗೆ ಹಾಕಿಕೊಂಡೆ. ಹಲ್ಲಿನ ನಡುವೆ ಕರಕರ ಅಂದಿತು. ಇಬ್ಬರೂ ಮುಖ ನೋಡಿಕೊಂಡೆವು. ಪೂರ್ತಿ ಡಬ್ಬಿ ಚೆಲ್ಲಿದೆವು.

ಧೂಳು ಒಂದು ದಿನ ಇಳಿಯುತ್ತೆ, ಕೆಲಸ ಮುಗಿದ ಮೇಲೆ. ನೀರಿನದ್ದು ಹಾಗಲ್ಲ. ಹೊಳೆಬದಿಯ ಜವುಗಿನಲ್ಲಿ ಇಷ್ಟು ಆಳದ ಗುಂಡಿ ತೆಗೆಯಬೇಕಾದರೆ ಮೊದಲು ಸುತ್ತಲೂ ಒಂದಕ್ಕೊಂದು ಕಚ್ಚಿಕೊಳ್ಳುವ ಹಾಗೆ ಕಾಂಕ್ರೀಟ್ ಕಂಬ ಇಳಿಸಿ ಗೋಡೆ ಮಾಡುತ್ತಾರೆ. ಒಳಗೆ ಜಿನುಗಿದ್ದನ್ನು ಪಂಪು ಹಾಕಿ ಎತ್ತುತ್ತಾರೆ. ಮಳೆಗಾಲದಲ್ಲಿ ಗುಂಡಿಗೆ ಬೀಳುವುದನ್ನೂ ಎತ್ತಬೇಕು. ಎತ್ತಿದ ನೀರು ಚರಂಡಿಗೆ, ಚರಂಡಿಯಿಂದ ಮೀಠಿಗೆ. ಗೋಡೆ ಶಾಶ್ವತ. ನೆಲದೊಳಗೆ ಹೊಳೆ ಕಡೆಗೆ ನಿಧಾನವಾಗಿ ಹರಿಯುತ್ತಿದ್ದ ನೀರು ಆ ಗೋಡೆಯನ್ನು ಸುತ್ತಿ ಹೋಗಬೇಕು. ಮೇಲೆ ಬಿದ್ದ ಮಳೆ ಇಂಗೋದಿಲ್ಲ, ಯಾಕಂದರೆ ಕೆಳಗೆ ಮಣ್ಣೇ ಇಲ್ಲ, ಸ್ಟೇಷನ್ ಇದೆ. ಸ್ಟೇಷನ್ನಿಗೆ ನೀರು ನುಗ್ಗದ ಹಾಗೆ ಕಟ್ಟಿಯೇ ಕಟ್ಟುತ್ತಾರೆ, ಅದರಲ್ಲಿ ನನಗೆ ಸಂಶಯ ಇಲ್ಲ. ಅಲ್ಲಿಗೆ ನುಗ್ಗದ ನೀರು ಪಕ್ಕದವರ ಮನೆಗೆ ಬರುತ್ತೆ. ನಾವು ಪಕ್ಕದವರು.

ಕಾಂಡ್ಲಾ ಗಿಡದ ವಿಷಯ ನೀವು ಪೇಪರಲ್ಲಿ ಓದಿರ್ತೀರಿ. ಇಲ್ಲಿ ಮರಾಠಿಯಲ್ಲಿ ತಿವರ ಅಂತಾರೆ. ಇಡೀ ಮಾರ್ಗಕ್ಕೆ ಮುಂಬೈ, ಠಾಣೆ, ಪಾಲ್ಘರ್ ಸೇರಿ ಮೊದಲು 53,000ಕ್ಕೂ ಹೆಚ್ಚು ಗಿಡ ಕಡಿಯುವ ಲೆಕ್ಕ ಇತ್ತು. ವಿನ್ಯಾಸ ಬದಲಿಸಿ ಸುಮಾರು 22,000ಕ್ಕೆ ಇಳಿಸಿದರು. ಸಾರ್ವಜನಿಕ ಕೆಲಸಕ್ಕಾದರೂ ಕೋರ್ಟಿನ ಒಪ್ಪಿಗೆ ಇಲ್ಲದೆ ಕಾಂಡ್ಲಾ ಕಡಿಯಬಾರದು ಅಂತ ಬಾಂಬೆ ಹೈಕೋರ್ಟು 2018ರಲ್ಲಿ ಹೇಳಿತ್ತು. ಹಾಗಾಗಿ ಕೇಸು ನಡೆಯಿತು, 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಒಂದಕ್ಕೆ ಐದು ನೆಡುವುದಾಗಿ ಹೇಳಿದ್ದಾರೆ. ನೆಟ್ಟರೆ 1.1 ಲಕ್ಷ ಸಸಿ. ಮಾವ ಇದ್ದಿದ್ದರೆ ನಗುತ್ತಿದ್ದರು. ಕಾಂಡ್ಲಾ ತೆಂಗಿನ ಸಸಿ ಅಲ್ಲ. ಉಪ್ಪುನೀರು ದಿನಕ್ಕೆರಡು ಸಲ ಬಂದು ಹೋಗೋ ಕಡೆ, ಸರಿಯಾದ ಮಟ್ಟದಲ್ಲಿ ನೆಟ್ಟರೆ ಮಾತ್ರ ಹಿಡಿಯುತ್ತೆ. ಎಲ್ಲೋ ಖಾಲಿ ಕೆಸರು ಕಂಡಿತು ಅಂತ ನೆಟ್ಟರೆ ಅಲ್ಲಿ ಮೇಯುತ್ತಿದ್ದ ಹಕ್ಕಿಗಳಿಗೂ ಜಾಗ ಹೋಗುತ್ತೆ.

ಹೊಗಳಬೇಕಾದ್ದನ್ನು ಹೊಗಳಲೇಬೇಕು. ಬಿಕೆಸಿಯಿಂದ ಶಿಲ್‌ಫಾಟಾವರೆಗಿನ 21 ಕಿ.ಮೀ. ಸುರಂಗದಲ್ಲೇ ಹೋಗುತ್ತೆ. ಅದರಲ್ಲಿ 7 ಕಿ.ಮೀ. ಠಾಣೆ ಕ್ರೀಕಿನ ಅಡಿ. ಮೇಲೆ ಫ್ಲೆಮಿಂಗೊ ಅಭಯಾರಣ್ಯ. ಸೇತುವೆ ಕಟ್ಟಿದ್ದರೆ ಏನಾಗುತ್ತಿತ್ತೋ.

ಇಷ್ಟೆಲ್ಲ ಆಗಿ ನನಗೆ ನಿಜಕ್ಕೂ ಸಿಟ್ಟು ಬಂದದ್ದು ಒಂದು ಸಣ್ಣ ವಿಷಯಕ್ಕೆ. ನಮ್ಮ ಸೊಸೈಟಿ ಹಳೇದು, ಕೆಡವಿ ಕಟ್ಟುವ ಮಾತು ನಡೆದಿದೆ. ಪಕ್ಕದ ಎರಡು ಸೊಸೈಟಿ ಸೇರಿಸಿಕೊಂಡು ಕಟ್ಟುವ ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ ಪರಿಸರ ಅನುಮತಿ ಬೇಕು ಅಂತ ಆರ್ಕಿಟೆಕ್ಟ್ ಹೇಳಿದರು. 2006ರ ಅಧಿಸೂಚನೆ. ಸರಿ, ಬುಲೆಟ್ ರೈಲಿಗೆ ಎಷ್ಟು ದೊಡ್ಡ ಅನುಮತಿ ಬೇಕಾಯಿತೋ ಅಂತ ಹುಡುಕಿದೆ. ಅದೇ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಮಾರ್ಗವೇ ಇಲ್ಲ! ಕಾಡು, ಅಭಯಾರಣ್ಯ, ಕರಾವಳಿ ವಲಯ, ಇವಕ್ಕೆ ಬೇರೆ ಬೇರೆ ಕಾನೂನು ಇವೆ, ಆ ಅನುಮತಿಗಳನ್ನು ತೆಗೆದುಕೊಂಡಿದ್ದಾರೆ. ಪರಿಣಾಮದ ಅಧ್ಯಯನವನ್ನೂ ಮಾಡಿಸಿದ್ದಾರೆ, ಆದರೆ ಸಾಲ ಕೊಡುವ ಜಪಾನಿನ ಜೈಕಾದ ನಿಯಮದಲ್ಲಿ ಅದು ಬೇಕಿತ್ತು ಅಂತ. ನಮ್ಮ ಕಾನೂನು ಕೇಳಲೇ ಇಲ್ಲ.

ಅಂದರೆ ಎಣಿಸೋಕೆ ಬರುವಂಥದ್ದಕ್ಕೆಲ್ಲ ಒಂದು ಕಚೇರಿ ಇದೆ. ಗಿಡ ಎಣಿಸಬಹುದು, ಫ್ಲೆಮಿಂಗೊ ಎಣಿಸಬಹುದು. 53,000 ಇದ್ದದ್ದು 22,000 ಆಗಬಹುದು. ಆದರೆ ಹೊಳೆ ಮೈಚಾಚೋ ಜಾಗ, ಮಣ್ಣು ಕುಡಿಯುವ ನೀರು, ಕಲೀನಾದ ಕೆಳಗಿನ ಮಹಡಿ, ಇದರ ಲೆಕ್ಕ ಯಾರ ಟೇಬಲ್ ಮೇಲೂ ಬರುವುದಿಲ್ಲ.

"ಹಾಗಾದ್ರೆ ಎಲ್ಲಿ ಕಟ್ಟಬೇಕಿತ್ತು ಸ್ವಾಮೀ?" ಅಂತ ನನ್ನ ಗೆಳೆಯನೊಬ್ಬ ಕೇಳಿದ. ನ್ಯಾಯವಾದ ಪ್ರಶ್ನೆ. ಊರಾಚೆ ಕಟ್ಟಿದರೆ ಎಲ್ಲರೂ ಕಾರಲ್ಲಿ ಹೋಗುತ್ತಾರೆ, ರೈಲಿನಿಂದ ಉಳಿಸಿದ ಹೊಗೆ ಅಲ್ಲೇ ಕಳೆದುಹೋಗುತ್ತೆ. ಬಿಕೆಸಿಯಲ್ಲಿ ಮೆಟ್ರೋ 3 ಈಗಾಗಲೇ ಓಡುತ್ತಿದೆ, 2ಬಿ ಬರುತ್ತಿದೆ. ಹಾಗಾಗಿ ಟರ್ಮಿನಸ್ ಊರೊಳಗೆ ಇರಲಿ ಅಂತಲೇ ನನ್ನ ಮಾತು. ಆದರೆ ಇಲ್ಲಿ ನೆಲದಡಿ ಹೋಗಿದ್ದು ಹೊಳೆಯ ಮೇಲಿನ ಪ್ರೀತಿಗಲ್ಲ. ಮೇಲಿನ ಜಾಗಕ್ಕೆ ಚಿನ್ನದ ಬೆಲೆ. ಸ್ಟೇಷನ್ನಿನ ತಲೆ ಮೇಲೆ 95 ಮೀಟರ್‌ವರೆಗಿನ ಕಟ್ಟಡ ಎಬ್ಬಿಸಲು ಬರುವ ಹಾಗೆ ವಿನ್ಯಾಸ ಮಾಡಿದ್ದಾರೆ. ರೈಲು ಬೇಕು ಅಂತ ಗುಂಡಿಗೆ ಒಪ್ಪಿದೆವು. ಟವರಿಗೆ ಒಪ್ಪಿದ್ದು ಯಾವಾಗ? ಆ ಒಂದು ಪ್ಲಾಟನ್ನಾದರೂ ಕೆರೆಯಂತೆ ತಗ್ಗಾಗಿ ಬಿಟ್ಟು, ಜೋರು ಮಳೆಯಲ್ಲಿ ಒಂದೆರಡು ಗಂಟೆ ನೀರು ನಿಲ್ಲುವ ಹಾಗೆ ಮಾಡಿದ್ದರೆ ನಾನು ಈ ಪೋಸ್ಟ್ ಬರೆಯುತ್ತಿರಲಿಲ್ಲ. ಹಾಗೆಯೇ ಪಂಪು ಎತ್ತುವ ನೀರು ಯಾವ ಚರಂಡಿಗೆ ಹೋಗುತ್ತೆ, ಭರತದ ಹೊತ್ತಲ್ಲಿ ಏನು ಮಾಡ್ತಾರೆ, ಇದನ್ನು ಒಂದು ಹಲಗೆ ಮೇಲೆ ಬರೆದು ತಗಡಿನ ಗೋಡೆಗೆ ನೇತುಹಾಕಲಿ. 35 ಅಡಿ ಜಾಗ ಇದೆಯಲ್ಲ.

ಇಂಗಾಲದ ಬಗ್ಗೆ ಹೆಚ್ಚು ಹೇಳಲ್ಲ. ಒಂದು ಟನ್ ಸಿಮೆಂಟಿನ ಹಿಂದೆ ಅರ್ಧ ಟನ್‌ಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಇಷ್ಟು ಆಳದ ಪೆಟ್ಟಿಗೆಗೆ ಎಷ್ಟು ಸಿಮೆಂಟು ಬೇಕು ನೀವೇ ಊಹಿಸಿ. ರೈಲು ತುಂಬಿ ಓಡಿದರೆ, ಕರೆಂಟು ಕಲ್ಲಿದ್ದಲಿಂದ ಬಾರದಿದ್ದರೆ, ವರ್ಷಗಳು ಕಳೆದಂತೆ ಆ ಸಾಲ ತೀರಬಹುದು.

ಬೆಂಗಳೂರಿನ ಗೆಳೆಯರಿಗೆ ಒಂದು ಮಾತು. ಚೆನ್ನೈ-ಬೆಂಗಳೂರು-ಮೈಸೂರು ನಡುವೆ ಸುಮಾರು 435 ಕಿ.ಮೀ. ಹೈಸ್ಪೀಡ್ ಮಾರ್ಗದ ಯೋಜನೆ ಇದೆ. ಸ್ಟೇಷನ್ ಜಾಗದ ನಕ್ಷೆ ಹೊರಗೆ ಬಂದ ದಿನ ಅದರ ಪಕ್ಕ ನೂರು ವರ್ಷ ಹಳೆಯ ನಕ್ಷೆ ಇಟ್ಟು ನೋಡಿ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರೋ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ನಮ್ಮಲ್ಲಿ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಪೇಪರಲ್ಲಿ ಭರತದ ಪಟ್ಟಿ ಬರುತ್ತೆ. ಯಾವ ತಾರೀಕು, ಎಷ್ಟು ಗಂಟೆಗೆ ಭರತ ನಾಲ್ಕೂವರೆ ಮೀಟರ್ ದಾಟುತ್ತೆ ಅಂತ. ಅಮ್ಮ ಅದನ್ನು ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸುತ್ತಾರೆ, ಪಂಚಾಂಗದ ಪಕ್ಕ. ಆ ದಿನಗಳಲ್ಲಿ ಬೆಳಿಗ್ಗೆಯೇ ಕೆಳಗಿನ ಮನೆಯ ಅಜ್ಜಿಗೆ ಹೇಳಿಬರುತ್ತಾರೆ, "ಅಕ್ಕಿ ಡಬ್ಬಿ ಮೇಲೆ ಇಡಿ."