ಮೇಜಿನ ಮೇಲೆ ನಿಲ್ಲಿಸಿದ ಹುಡುಗಿ

ಮಾಟಗಾತಿಯರನ್ನು ಕೊಂದ ಕಾಲದ ಮಾತು ಬಂದರೆ "ಆಗಿನ ಜನರಿಗೆ ತಿಳಿವಳಿಕೆ ಇರಲಿಲ್ಲ" ಅಂತ ಹೇಳಿ ಮುಗಿಸಿಬಿಡುತ್ತೇವೆ. ಇಂಗ್ಲೆಂಡಿನ ಪೆಂಡಲ್ ಅನ್ನೋ ಕಡೆ ನಡೆದ ಮಾಟದ ಕೇಸಿನ ಬಗ್ಗೆ ಓದಿದ ಮೇಲೆ ನನಗೆ ಆ ಮಾತು ಒಪ್ಪಿಗೆಯಾಗುತ್ತಿಲ್ಲ. ಅಲ್ಲಿ ಹತ್ತು ಜನರನ್ನು ನೇಣಿಗೆ ಹಾಕಿದ್ದು ರೊಚ್ಚಿಗೆದ್ದ ಊರಿನವರಲ್ಲ. ಓದು ಬರಹ ಬಲ್ಲವರು ನಡೆಸುತ್ತಿದ್ದ ಕೋರ್ಟು.

1612ರ ಮಾರ್ಚ್ 18ರ ಸುಮಾರು. ಲ್ಯಾಂಕಶೈರ್‌ನ ಕೋಲ್ನ್ ಹತ್ತಿರ ಅಲಿಝಾನ್ ಡಿವೈಸ್ ಅನ್ನೋ ಬಡ ಹುಡುಗಿ, ಹೊರೆ ಹೊತ್ತು ಮಾರುತ್ತಿದ್ದ ಜಾನ್ ಲಾನ ಹತ್ತಿರ ಗುಂಡುಸೂಜಿ ಕೇಳಿದಳು. ಅವನು ಗಂಟು ಬಿಚ್ಚಲಿಲ್ಲ. ಸ್ವಲ್ಪ ಹೊತ್ತಿಗೆ ಕುಸಿದು ಬಿದ್ದ. ಮಾತು ಹೋಯಿತು, ಒಂದು ಪಕ್ಕ ಸ್ವಾಧೀನ ತಪ್ಪಿತು. ನಾವಾದರೆ ಲಕ್ವ ಹೊಡೀತು ಅನ್ನುತ್ತೇವೆ. ಆದರೆ ಆ ಹುಡುಗಿ ತನ್ನ ಸಿಟ್ಟೇ ಅವನಿಗೆ ತಟ್ಟಿತು ಅಂತ ನಂಬಿದಳು. ಅವನ ಮುಂದೆ ಅತ್ತು ಕ್ಷಮೆ ಕೇಳಿದಳು. ಪಾಪ, ಅದೇ ಅವಳ ತಪ್ಪೊಪ್ಪಿಗೆ ಆಗಿಹೋಯಿತು.

ಮ್ಯಾಜಿಸ್ಟ್ರೇಟ್ ರೋಜರ್ ನೋವೆಲ್ ಅಷ್ಟಕ್ಕೆ ಬಿಡಲಿಲ್ಲ. ಅಜ್ಜಿ, ತಾಯಿ, ಒಡಹುಟ್ಟಿದ ಜೇಮ್ಸ್, ಅಕ್ಕಪಕ್ಕದವರು, ಎಲ್ಲರನ್ನೂ ಎಳೆದ. ಕಣ್ಣು ಕಾಣದ ಆ ಅಜ್ಜಿ ಲ್ಯಾಂಕಾಸ್ಟರ್ ಕೋಟೆಯ ಜೈಲಿನಲ್ಲೇ ಸತ್ತಳು. ಆಗ ದೇಶ ಆಳುತ್ತಿದ್ದವನು ಮಾಟದ ಮೇಲೆ ಸ್ವತಃ ಪುಸ್ತಕ ಬರೆದಿದ್ದ ರಾಜ ಜೇಮ್ಸ್. 1604ರ ಕಾಯ್ದೆ ಶಿಕ್ಷೆಯನ್ನು ಇನ್ನಷ್ಟು ಬಿಗಿ ಮಾಡಿತ್ತು.

ನನ್ನನ್ನು ಜಾಸ್ತಿ ಕಾಡುವುದು ಜೆನೆಟ್. ಅಲಿಝಾನಳ ತಂಗಿ, ಸುಮಾರು ಒಂಬತ್ತು ವರ್ಷ. ಹೆತ್ತ ತಾಯಿಯ ವಿರುದ್ಧವೇ ಸಾಕ್ಷಿ ಹೇಳಲು ಅವಳನ್ನು ಕೋರ್ಟಿಗೆ ತಂದರು. ಮಗಳನ್ನು ಕಂಡು ತಾಯಿ ಕಿರುಚಾಡಿದಳು. ಮಗುವಿಗೆ ಬಾಯೇ ಬರಲಿಲ್ಲ. ತಾಯಿಯನ್ನು ಹೊರಗೆ ಕಳಿಸಿ, ಜೆನೆಟ್‌ಳನ್ನು ಮೇಜಿನ ಮೇಲೆ ನಿಲ್ಲಿಸಿದರು. ಅವಳು ಹೇಳಿದಳು. ಆಗಸ್ಟ್ 20ರಂದು ತಾಯಿ, ಅಕ್ಕ, ಅಣ್ಣ ಜೇಮ್ಸ್ ಮೂವರಿಗೂ ಗಲ್ಲಾಯಿತು.

ಒಂಬತ್ತು ವರ್ಷದ ಮಗು ದೊಡ್ಡವರಿಗೆ ಬೇಕಾದ ಉತ್ತರ ಕೊಡದೆ ಇನ್ನೇನು ಮಾಡೀತು? ಆ ಮಗುವನ್ನು ಮೇಜಿನ ಮೇಲೆ ಹತ್ತಿಸಿದವರಿಗೆ ನಾನು "ಕಾಲ ಹಾಗಿತ್ತು" ಅನ್ನೋ ರಿಯಾಯಿತಿ ಕೊಡಲಾರೆ. ಇವತ್ತು ಆ ಕಡೆ ಓಡುವ ಬಸ್ಸಿಗೆ 'ವಿಚ್ ವೇ', ಅಂದರೆ 'ಮಾಟಗಾತಿ ದಾರಿ' ಅಂತ ಹೆಸರು. ಪೊರಕೆ ಹಿಡಿದ ಗೊಂಬೆಗಳು ಅಂಗಡಿಯಲ್ಲಿ ಸಿಗುತ್ತವೆ. ನೋಡಿದರೆ ಸಂಕಟವಾಗುತ್ತದೆ. ಅವರು ನಿಜವಾದ ಮನುಷ್ಯರು, ಅಲ್ವಾ?

1634ರಲ್ಲಿ ಅದೇ ಸೀಮೆಯಲ್ಲಿ ಮತ್ತೊಂದು ಕೇಸು ನಡೆಯಿತು. ಈ ಸಲ ದೂರು ಹೇಳಿದವನು ಹತ್ತು ವರ್ಷದ ಹುಡುಗ. ಆಮೇಲೆ ತಾನು ಸುಳ್ಳು ಹೇಳಿದೆ ಅಂತ ಒಪ್ಪಿಕೊಂಡ. ಸಿಕ್ಕಿಬಿದ್ದವರಲ್ಲಿ ಒಬ್ಬಳ ಹೆಸರು ಜೆನೆಟ್ ಡಿವೈಸ್. ಅದೇ ಜೆನೆಟ್ ಅಂತ ಹಲವರು ಹೇಳುತ್ತಾರೆ. 1636ರ ಜೈಲಿನ ಪಟ್ಟಿಯಲ್ಲೂ ಆ ಹೆಸರು ಇನ್ನೂ ಇದೆ.