ಕಲಬುರಗಿ, ಬೀದರ, ಯಾದಗಿರಿಯಲ್ಲಿ ಟೀಮ್ ಇಟ್ಟುಕೊಂಡ ಲೀಡುಗಳಿಗೆ

ನಮ್ಮ ಮೂರೂ ಜಿಲ್ಲೆಗಳಲ್ಲಿ ಮನೆಯಲ್ಲೇ ಕೂತು ಬೆಂಗಳೂರು, ಹೈದರಾಬಾದ್, ಪುಣೆ ಕಂಪನಿಗಳಿಗೆ ಕೆಲಸ ಮಾಡುವ ಹುಡುಗ ಹುಡುಗಿಯರಿದ್ದಾರೆ. ಅವರನ್ನು ನಡೆಸುವ ಲೀಡುಗಳಿಗೆ ನೇರವಾಗಿ ಹೇಳುತ್ತೇನೆ: ಚಾಟಿನಲ್ಲಿ ಹೆಸರಿನ ಪಕ್ಕದ ಹಸಿರು ಚುಕ್ಕಿ (ಆನ್‌ಲೈನ್ ಇದ್ದಾರೆ ಎಂಬ ಗುರುತು) ಕಾಯುವುದು ನಿಮ್ಮ ಕೆಲಸವಲ್ಲ. ಕೆಲಸವನ್ನು ಸರಿಯಾಗಿ ಬರೆದು ಕೊಡುವುದು ನಿಮ್ಮ ಕೆಲಸ.

"ಆ ಸೇಲ್ಸ್ ರಿಪೋರ್ಟ್ ಸ್ವಲ್ಪ ನೋಡ್ರಿ" ಅಂತ ಒಂದು ಸಾಲು ಹಾಕಿ ನೀವು ಮೀಟಿಂಗಿಗೆ ಹೋದರೆ ಆ ಕಡೆಯವರು ಏನು ನೋಡಬೇಕು? ಆಫೀಸಿನಲ್ಲಾದರೆ ಎದ್ದು ಬಂದು ಕೇಳುತ್ತಿದ್ದರು. ಮನೆಯಲ್ಲಿ ಕೂತವರು ಸಂಕೋಚಪಟ್ಟು ತಮಗೆ ತಿಳಿದಂತೆ ಮಾಡುತ್ತಾರೆ, ಸಂಜೆ ಅದೇ ಕೆಲಸ ಮತ್ತೆ ಮೊದಲಿನಿಂದ. ಬದಲಿಗೆ ಹೀಗೆ ಬರೆಯಿರಿ: "ಮಾರ್ಚ್ ರಿಪೋರ್ಟಿನಲ್ಲಿ ಹುಮನಾಬಾದ್ ಅಂಗಡಿಯ ಮೊತ್ತ ಬಿಲ್ಲುಗಳಿಗೆ ತಾಳೆ ಆಗ್ತಿಲ್ಲ. ಯಾವ ಬಿಲ್ಲಿನಿಂದ ವ್ಯತ್ಯಾಸ ಬಂತು ಅಂತ ಹುಡುಕಿ ಅದೇ ಶೀಟಿನಲ್ಲಿ ಹಳದಿ ಹಾಕ್ರಿ. ಗುರುವಾರ ಸಂಜೆ 4ರೊಳಗೆ ಬೇಕು. ಅರ್ಧ ತಾಸಿನಲ್ಲಿ ಬಿಲ್ ಸಿಗದಿದ್ದರೆ ಅಕೌಂಟ್ಸಿನವರನ್ನು ಕೇಳ್ರಿ." ಬರೆಯಲು ಐದು ನಿಮಿಷ. ಏನಾದರೆ ಕೆಲಸ ಮುಗಿದಂತೆ, ಯಾವಾಗ ಬೇಕು, ತೊಡಕಾದರೆ ಯಾರನ್ನು ಕೇಳಬೇಕು, ಈ ಮೂರು ಇಲ್ಲದೆ ಕೆಲಸ ಹಂಚಬೇಡಿ.

ಇನ್ನು ಕರೆಂಟ್. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮಧ್ಯಾಹ್ನ ಕರೆಂಟ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ, ವೈಫೈ ಮಾತ್ರ ಸತ್ತಿರುತ್ತದೆ. ಇದಕ್ಕೆ ರೂಟರಿಗೆಂದೇ ಮಿನಿ ಯುಪಿಎಸ್, ಅಂದರೆ ಸಣ್ಣ ಬ್ಯಾಟರಿ ಡಬ್ಬಿ, ಸಿಗುತ್ತದೆ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದದ್ದನ್ನು ಓದಬೇಕು. ಯುಪಿಎಸ್ಸಿನ ವೋಲ್ಟ್ ಸರಿಯಾಗಿ ಅದೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬೇಕು. 12 ವೋಲ್ಟ್, 1 ಆಂಪಿಯರ್ ಅಂದರೆ ಹೆಚ್ಚೆಂದರೆ 12 ವ್ಯಾಟ್. 30 ವ್ಯಾಟ್-ಅವರ್ ಬ್ಯಾಟರಿ ಇದ್ದರೆ ಎರಡು ತಾಸು ಧೈರ್ಯವಾಗಿ ನಡೆಯುತ್ತದೆ. ಬಹಳ ಜನ ಎಡವುವುದು ಇಲ್ಲಿ: ಫೈಬರ್ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬ್ಯಾಕಪ್ ಬೇಕು. ಒಂದಕ್ಕೇ ಕೊಟ್ಟರೆ ವೈಫೈ ಹೆಸರು ಕಾಣುತ್ತದೆ, ಇಂಟರ್‌ನೆಟ್ ಬರುವುದಿಲ್ಲ. ಇದರ ಖರ್ಚು ಕಂಪನಿಯದಾಗಬೇಕು, ಕೇಳಿ ಕೊಡಿಸುವುದು ಲೀಡಿನ ಜವಾಬ್ದಾರಿ.

ಅದೂ ಮುಗಿದರೆ ಮೊಬೈಲ್ ಹಾಟ್‌ಸ್ಪಾಟ್. ಗುಂಪಿನ ವಿಡಿಯೊ ಕಾಲ್ ತಾಸಿಗೆ ಸುಮಾರು ಒಂದು ಜಿಬಿ ತಿನ್ನುತ್ತದೆ, ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿದವರ ಗತಿ ಏನು? ಬರೀ ದನಿಯ ಕಾಲಿಗೆ ಅದರ ಸಣ್ಣ ಪಾಲು ಸಾಕು. "ಕರೆಂಟ್ ಹೋಗ್ಯಾದ್ರಿ, ಹಾಟ್‌ಸ್ಪಾಟ್ ಮ್ಯಾಲೆ ಅದೀನಿ" ಅಂತ ಒಂದು ಸಂದೇಶ ಬಂದರೆ ಕ್ಯಾಮೆರಾ ಕೇಳಬೇಡಿ.

ವಾಟ್ಸಾಪ್ ಗುಂಪನ್ನು ಇಂಥ ತುರ್ತಿಗಷ್ಟೇ ಇಟ್ಟುಕೊಳ್ಳಿ. ತೀರ್ಮಾನಗಳು ಅಲ್ಲಿ ಗುಡ್ ಮಾರ್ನಿಂಗ್ ಫೋಟೊಗಳ ಕೆಳಗೆ ಮುಚ್ಚಿಹೋಗುತ್ತವೆ. ಕಾಲ್ ಮುಗಿದ ತಾಸಿನೊಳಗೆ ಏನು ನಿರ್ಧಾರವಾಯಿತು, ಏಕೆ, ಯಾರು ಮಾಡುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿರುವ ಒಂದೇ ಕಡತದಲ್ಲಿ ಬೀಳಬೇಕು. ಹೀಗೆ ಬರೆದಿಟ್ಟರೆ ನೆಟ್ ಇಲ್ಲದೆ ಕಾಲ್ ತಪ್ಪಿದವರು ಹಿಂದೆ ಬೀಳುವುದಿಲ್ಲ.

ಕಾಲ್ ಮುಗಿಯುವಾಗ ಇಂಗ್ಲಿಷಿನಲ್ಲಿ "ಎನಿ ಡೌಟ್ಸ್?" ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನವನ್ನು ಒಪ್ಪಿಗೆ ಅಂದುಕೊಳ್ಳುವುದೇ ದೊಡ್ಡ ತಪ್ಪು. ಹೆಸರು ಹಿಡಿದು, "ನಾಳೆ ಮೊದಲು ಯಾವುದರಿಂದ ಶುರು ಮಾಡ್ತೀರಿ?" ಅಂತ ಕೇಳಿ. ತಿಳಿದಿದೆಯೋ ಇಲ್ಲವೋ ಆ ಉತ್ತರದಲ್ಲೇ ಗೊತ್ತಾಗುತ್ತದೆ. ಕನ್ನಡದಲ್ಲೋ ದಖನಿಯಲ್ಲೋ ಹೇಳಲಿ, ಬರೆದು ಕಳಿಸಲಿ, ಅಡ್ಡಿಯೇನು?

ಸಮಯದ ವಿಷಯಕ್ಕೆ ಬಂದರೆ, ಬೆಳಿಗ್ಗೆ 9ರ ಕಾಲ್ ಅನೇಕ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಷ್ಟ. ರೊಟ್ಟಿ, ಮಕ್ಕಳ ಶಾಲೆ, ನಳ ಬಿಡುವ ದಿನ ನೀರು ತುಂಬುವುದು, ಎಲ್ಲಾ ಅದೇ ಹೊತ್ತಿಗೆ. ಎಲ್ಲರೂ ಕಡ್ಡಾಯವಾಗಿ ಇರಬೇಕಾದ ಹೊತ್ತನ್ನು 10.30ರಿಂದ 1ರವರೆಗೆ ಮಾತ್ರ ಇಡಿ, ಉಳಿದದ್ದನ್ನು ಅವರಿಗೇ ಬಿಡಿ. ಅಮೆರಿಕದ ಪೂರ್ವ ಕರಾವಳಿಯ ಗಿರಾಕಿ ಇದ್ದರೆ ಇನ್ನೊಂದು ಲೆಕ್ಕ: ಅವರ ಬೆಳಗಿನ 9 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ನವೆಂಬರಿನಲ್ಲಿ ಗಡಿಯಾರ ಬದಲಿಸಿದ ಮೇಲೆ 7.30. ಈ ಬದಲಾವಣೆಯನ್ನು ಟೀಮಿಗೆ ವಾರ ಮುಂಚೆಯೇ ತಿಳಿಸಿ.

ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸು, ಸಂಕ್ರಾಂತಿಯ ಮೈಲಾಪುರ ಜಾತ್ರೆ ಕಂಪನಿಯ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ನೀವೇ ಕೇಳಿ ಬರೆದುಕೊಂಡು, ಆ ದಿನಗಳಿಗೆ ಡೆಡ್‌ಲೈನ್ ಇಡಬೇಡಿ.

ಎಲ್ಲಕ್ಕಿಂತ ನನಗೆ ಮುಖ್ಯ ಅನಿಸುವುದು ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ. ಕಣ್ಣೆದುರು ಓಡಾಡುವವರ ಹೆಸರು ಮ್ಯಾನೇಜರ್ ಬಾಯಿಗೆ ಬೇಗ ಬರುತ್ತದೆ, ಬೀದರಿನಲ್ಲಿ ಕೂತವರದು ಬರುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಶೀಟ್ ತೆರೆದು, ಪ್ರತಿ ಶುಕ್ರವಾರ ಅವರು ಮುಗಿಸಿದ್ದನ್ನು ಎರಡು ಸಾಲಿನಲ್ಲಿ ದಾಖಲಿಸಿ. ಅವರಿಗೂ ಅದು ಕಾಣುವಂತಿರಲಿ, ಬಿಟ್ಟುಹೋದದ್ದನ್ನು ಅವರೇ ಸೇರಿಸಲಿ. ಇನ್‌ಕ್ರಿಮೆಂಟ್ ಮೀಟಿಂಗಿಗೆ ಆ ಶೀಟ್ ತೆರೆದಿಟ್ಟುಕೊಂಡೇ ಹೋಗಿ.